ಹತ್ತಿ ಗೋದಾಮಿನಲ್ಲೊಂದು ಕಡಲತಳ

ಕಲ್ಲಿನ ಜೊತೆ ಕೆಲಸ ಮಾಡುವವರ ಬದುಕು ಕಲ್ಲಿನಷ್ಟೇ ಗಂಭೀರ ಎಂದು ಜನ ತಿಳಿದಿದ್ದಾರೆ. ಅವರನ್ನೆಲ್ಲ ಒಂದು ವಾರ ನಮ್ಮ ಗೋದಾಮಿಗೆ ಕರೆತಂದು ಕೂರಿಸಬೇಕು. ಕಲ್ಲು ಬಿದ್ದಲ್ಲೇ ಬಿದ್ದಿರುತ್ತದೆ, ನಿಜ. ಅದರ ಸುತ್ತ ಓಡಾಡುವ ನಾವು ಹಾಗಿರುವುದಿಲ್ಲವಲ್ಲ, ಅದಕ್ಕೇ ಇಂಥವು ಆಗುತ್ತಲೇ ಇರುತ್ತವೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ, ಆಮೇಲೆ ನಗಬಹುದು. ಕಾವೇರಿ ಕಡಲು ಸೇರುವ ಕಡೆಯ ಊರುಗಳಲ್ಲಿ ಬಹಳ ಹಿಂದೆ ಸಮುದ್ರವೇ ಇತ್ತು. ಅದರ ತಳದಲ್ಲಿ ಕೆಸರು, ಮರಳು, ಚಿಪ್ಪು ಒಂದರ ಮೇಲೊಂದು ಕೂತು, ಕಲ್ಲಾಗಿ, ಈಗ ನೆಲದಡಿಯಲ್ಲಿ ಪದರ ಪದರವಾಗಿ ಮಲಗಿವೆ. ಚೆನ್ನೈಯ ಒಂದು ಕಂಪನಿಯವರು ಅಲ್ಲಿ ಊರೂರಿಗೆ ಬಾವಿ ಕೊರೆದು, ಒಳಗಿನ ಕಲ್ಲನ್ನು ಕೋಲಿನ ಹಾಗೆ ಉದ್ದುದ್ದಕ್ಕೆ ಹೊರತೆಗೆದು, ಪೆಟ್ಟಿಗೆಗಳಲ್ಲಿ ಜೋಡಿಸಿ ನಮಗೆ ಕೊಟ್ಟಿದ್ದಾರೆ. ಈ ಬಾವಿಯ ಯಾವ ಪದರಕ್ಕೂ ಆ ಬಾವಿಯ ಯಾವ ಪದರಕ್ಕೂ ನೆಂಟಸ್ತಿಕೆ, ಯಾವ ಯಾವ ಪದರ ಸೇರಿದರೆ ಒಂದು ಮನೆತನ ಎಂದು ವಿಂಗಡಿಸುವುದು ನನ್ನ ಕೆಲಸ. ಕೊಯಮತ್ತೂರಿನ ನೆಲದಡಿಯಲ್ಲಿ ಇಂಥ ಪದರಗಲ್ಲೇ ಇಲ್ಲ, ಇಲ್ಲಿರುವುದೆಲ್ಲ ಗಟ್ಟಿ ಬಂಡೆ. ಆದರೂ ಈ ಕೆಲಸ ಇಲ್ಲಿಗೆ ಬಂದದ್ದು ಒಂದೇ ಒಂದು ವೈಜ್ಞಾನಿಕ ಕಾರಣಕ್ಕೆ: ಪಕ್ಕದ ಕಿಣತ್ತುಕಡವಿನಲ್ಲಿ, ಈ ಕೆಲಸ ಒಪ್ಪಿಕೊಂಡ ನಮ್ಮ ಸಾರ್‌ನ ಮಾವನ ಮನೆಯವರ ಹಳೇ ಹತ್ತಿ ಗೋದಾಮು ಖಾಲಿ ಬಿದ್ದಿತ್ತು.

ಗೋದಾಮಿನಲ್ಲಿ ನಾವು ಮೂರೇ ಜನ. ಸಾರ್, ನಾನು, ಆಮೇಲೆ ಪೆಟ್ಟಿಗೆಗಳನ್ನು ಕಾಯುವ ಸ್ಟೋರ್ ಅಣ್ಣ. ಅಣ್ಣ ತಿರುಪ್ಪೂರಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಶೇಡ್ ನೋಡುತ್ತಿದ್ದವರು. ಅಂದರೆ ಒಂದು ಲಾಟಿನ ನೀಲಿಗೂ ಇನ್ನೊಂದು ಲಾಟಿನ ನೀಲಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಹಿಡಿದು ಪಕ್ಕಕ್ಕೆ ಎಸೆಯುವ ಕೆಲಸ. ಆ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ನನ್ನ ಹಾಗೆ ಅವರ ಮನೆಯಲ್ಲೂ ಕನ್ನಡವೇ. ಆದರೆ ಪ್ರತಿ ಮಾತಿನ ಬಾಲಕ್ಕೂ ಒಂದು 'ಂಗ' ಕಟ್ಟುವುದು ನಮ್ಮ ಕೊಂಗುನಾಡಿನ ಮರ್ಯಾದೆ, ಅದನ್ನು ಅವರು ಯಾವತ್ತೂ ಬಿಟ್ಟವರಲ್ಲ.

ಹೋದ ವರ್ಷ ಚೆನ್ನೈಯವರು ಹೇಳಿ ಕಳಿಸಿದರು. ಆಯುಧಪೂಜೆ ಕಳೆದ ಮೇಲೆ ಅವರ ಕಡೆಯ ಹಿರಿಯ ತಜ್ಞರೊಬ್ಬರು ಬಂದು ನನ್ನ ವಿಂಗಡಣೆ ನೋಡುತ್ತಾರೆ. ಒಪ್ಪಿದರೆ ಪೆಟ್ಟಿಗೆಗಳು ಕಿಣತ್ತುಕಡವಿನಲ್ಲೇ ಇರುತ್ತವೆ, ಮುಂದಿನ ಕೆಲಸವೂ ನಮಗೇ. ಒಪ್ಪದಿದ್ದರೆ ಎಲ್ಲ ಪೆಟ್ಟಿಗೆಯೂ ಲಾರಿ ಏರಿ ಚೆನ್ನೈಗೆ, ಗೋದಾಮಿಗೆ ಬೀಗ. ನನ್ನ ಅತ್ತೆಯನ್ನೂ, ತಿರುಪ್ಪೂರಿನಲ್ಲಿ ನೂಲಿನ ವ್ಯಾಪಾರ ಮಾಡುವ ಗಂಡನನ್ನೂ ಅದೇ ಲಾರಿಗೆ ಏರಿಸಲಾಗುತ್ತದೆಯೇ? ಈ ಕೆಲಸ ಅಂದರೆ ನನಗೆ ಪ್ರಾಣ. ಆ ಕೆಲವು ತಿಂಗಳು ನಾನು ನೆಮ್ಮದಿಯಾಗಿ ಊಟ ಮಾಡಿದ್ದು ನೆನಪಿಲ್ಲ. ಆ ತಿಂಗಳುಗಳ ಕಥೆಯೇ ಇದು.

ಮಂಡಿಯಲ್ಲಿ

ಕೊನೆಯ ಲೋಡು ಪೆಟ್ಟಿಗೆಗಳು ಒಂದು ಬೆಳಿಗ್ಗೆ ಬಂದವು. ಕಿಣತ್ತುಕಡವು ಅಂದರೆ ತಕ್ಕಾಳಿ. ನೀವು ಟೊಮೆಟೊ ಅನ್ನುತ್ತೀರಲ್ಲ, ಅದು. ಲಾರಿ ಡ್ರೈವರ್ ಟೀ ಕುಡಿಯಲು ನಿಲ್ಲಿಸಿದ್ದು ಸರಿಯಾಗಿ ತಕ್ಕಾಳಿ ಮಂಡಿಯ ಎದುರಿಗೆ. ಟಾರ್ಪಾಲು ಹೊದಿಸಿದ ಲಾರಿ, ಅದರೊಳಗೆ ಒಂದರ ಮೇಲೊಂದು ಪೆಟ್ಟಿಗೆ. ನಾನು ದಾರಿ ತೋರಿಸಲು ಸ್ಕೂಟರಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಮಂಡಿಯ ದಲ್ಲಾಳಿಯೊಬ್ಬರು ಹಿಂದಿನಿಂದ ಲಾರಿ ಹತ್ತಿ, ಟಾರ್ಪಾಲಿನ ಕೆಳಗೆ ಮೊಣಕೈವರೆಗೂ ಕೈ ತೂರಿಸಿದ್ದರು.

"ಏನಪ್ಪಾ, ಮಾಲು ಇಷ್ಟು ಗಟ್ಟಿ ಐತೆ? ಶುದ್ಧ ಕಾಯಿ."

"ಕಾಯಲ್ಲಂಗ, ಕಲ್ಲು," ಅಂದ ಡ್ರೈವರ್, ಟೀ ಊದುತ್ತಾ.

"ಕಲ್ಲಿನಂಗೆ ಐತೆ ಅಂತಲೇ ನಾನೂ ಹೇಳ್ತಾ ಇರೋದು."

ನಾನು ಮಧ್ಯೆ ಹೋಗಿ, ಅಣ್ಣಾ, ಇದು ನೆಲದಡಿಯಿಂದ ತೆಗೆದದ್ದು, ಬಹಳ ಹಳೇದು, ಕೈ ತೆಗೀರಿ ಅಂದೆ. ಹಳೇದು ಅಂದದ್ದು ಮಾತ್ರ ಅವರ ಕಿವಿಗೆ ಬಿತ್ತು.

"ಎಷ್ಟು ಹಳೇದು?"

"ಕೋಟ್ಯಂತರ ವರ್ಷ."

ಅವರು ಕೈ ಹೊರಗೆಳೆದು ಪಂಚೆಗೆ ಚೆನ್ನಾಗಿ ಒರೆಸಿಕೊಂಡರು. "ಅಷ್ಟು ಹಳೇ ಮಾಲು ನಾವು ಇಳಿಸಲ್ಲಮ್ಮ. ಸಾಸ್ ಮಾಡೋ ಕಂಪನಿಗೆ ಕೊಂಡೋಗಿ."

ಆಡಿ ಆಫರ್

ಒಂದು ಬಾವಿಯಲ್ಲಿ ತಿಳಿ ಬೂದು ಬಣ್ಣದ ಪದರವೊಂದು ಸಿಕ್ಕಿತ್ತು. ಅದರಲ್ಲಿ ಸುಣ್ಣದ ಅಂಶ ಇದೆ, ಮೇಲಿನ ಚಿಪ್ಪುಗಲ್ಲಿನ ಮನೆತನಕ್ಕೆ ಸೇರಿದ್ದು ಎಂದು ನಾನು. ಇಲ್ಲ, ಬರೀ ಜೇಡಿ, ಕೆಳಗಿನ ಮನೆತನದ್ದು ಎಂದು ಸಾರ್. ಆಸಿಡ್ ಒಂದು ತೊಟ್ಟು ಹಾಕಿದರೆ ಆಯಿತು, ಸುಣ್ಣ ಇದ್ದರೆ ನೊರೆ ಬರುತ್ತದೆ. ಆದರೆ ಗೋದಾಮಿನ ಆಸಿಡ್ ಬಾಟಲಿ ಯಾವ ಕಾಲದ್ದೋ, ಸತ್ತುಹೋಗಿತ್ತು. ಅದರಿಂದ ಮುಖ ತೊಳೆಯಬಹುದಿತ್ತು. ಹೀಗಾಗಿ ಆ ಪದರದ ಒಂದು ದುಂಡನೆಯ ತುಂಡನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು, ಕೊಯಮತ್ತೂರಿನ ಒಂದು ಲ್ಯಾಬಿಗೆ ಕೊಡೋಣವೆಂದು ಹೊರಟೆ.

ದಾರಿಯಲ್ಲಿ ಗಾಂಧಿಪುರ. ತಿಂಗಳು ಆಡಿ, ನಿಮ್ಮ ಆಷಾಢ. ಆಡಿ ತಿಂಗಳ ರಿಯಾಯಿತಿಯಲ್ಲಿ ಗಾಂಧಿಪುರದ ಸೀರೆ ಅಂಗಡಿ ದಾಟಿಕೊಂಡು ನೇರವಾಗಿ ಲ್ಯಾಬಿಗೆ ಹೋಗುವ ಹೆಂಗಸು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಬಾಗಿಲಲ್ಲಿ ಚೀಲ ಇಸಿದುಕೊಳ್ಳುವ ಕೌಂಟರು, ಅದಕ್ಕೆ ಅಂಟಿಕೊಂಡೇ ಸೀರೆ ಕೊಂಡವರಿಗೆ ಉಚಿತ ಉಡುಗೊರೆ ಕೊಡುವ ಕೌಂಟರು. ನಾನು ಸೀರೆ ಕೊಂಡು ಹೊರಗೆ ಬಂದಾಗ ನನ್ನ ಚೀಲ ಇರಲಿಲ್ಲ. ಕೌಂಟರಿನ ಅಡಿಯೆಲ್ಲ ಬಗ್ಗಿ ಹುಡುಕಿದೆ. ಆ ಪದರದ ಗಟ್ಟಿ ತುಂಡು ಉಳಿದಿದ್ದದ್ದು ಅದೊಂದೇ, ಮಿಕ್ಕದ್ದೆಲ್ಲ ಪುಡಿ ಪುಡಿ. ಕಾವಲಿನವನು ನನ್ನ ಫೋನ್ ನಂಬರು ಬರೆದುಕೊಂಡು, "ಒಳಗೆ ಏನಿತ್ತಮ್ಮ? ಬಂಗಾರವಾ?" ಅಂದ. ಕಲ್ಲು ಅಂದೆ. ಅವನು ಬರೆದದ್ದನ್ನು ಹೊಡೆದುಹಾಕಲಿಲ್ಲ, ಅದೇ ದೊಡ್ಡದು.

ಕೆಲವು ದಿನ ಬಿಟ್ಟು ಅಂಗಡಿಯಿಂದ ಫೋನು. ಓಡಿದೆ. ಉಡುಗೊರೆ ಕೌಂಟರಿನ ಮುಂದೆ ಒಬ್ಬ ದಪ್ಪ ಹೆಂಗಸು, ಅವರ ಕೈಯಲ್ಲಿ ನನ್ನ ಕಲ್ಲು, ಕಲ್ಲಿನಿಂದ ನಿಂಬೆಹಣ್ಣಿನ ವಾಸನೆ. ಆ ಅಮ್ಮ ತಮಿಳಿನಲ್ಲಿ ಬೈದದ್ದನ್ನು ಕನ್ನಡಕ್ಕೆ ತಂದರೆ ಖಾರ ಇಳಿದುಹೋಗುತ್ತದೆ, ಆದರೂ ಕೇಳಿ.

"ಸೀರೆ ಜೊತೆ ಗುಂಡುಕಲ್ಲು ಕೊಟ್ಟಿದ್ದಾರೆ ಅಂತ ಖುಷಿಪಟ್ಟು, ತೊಳೆದು, ಉಪ್ಪಿನಕಾಯಿ ಭರಣಿಯೊಳಗೆ ಭಾರಕ್ಕೆ ಇಟ್ಟೆ. ಬೆಳಿಗ್ಗೆ ನೋಡಿದರೆ ಭರಣಿ ತುಂಬಾ ನೊರೆ! ಬುಸುಬುಸು ಅಂತ! ವರ್ಷದ ಉಪ್ಪಿನಕಾಯಿ ಹಾಳಾಯ್ತು, ಇದೆಂಥ ಗಿಫ್ಟು?"

"ನೊರೆ ಬಂತಾ ಅಕ್ಕಾ? ನಿಜವಾಗಿ ಬಂತಾ?" ಎಂದು ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಅವರು ಹೆದರಿ ಕಲ್ಲು ನನಗೇ ಕೊಟ್ಟುಬಿಟ್ಟರು.

ಅಲ್ಲಿಂದಲೇ ಸಾರ್‌ಗೆ ಫೋನು ಮಾಡಿದೆ. "ಸಾರ್, ಸುಣ್ಣ ಇದೆ. ನಾನು ಹೇಳಿದ್ದೇ ಸರಿ."

"ಎಲ್ಲಿ ಟೆಸ್ಟ್ ಮಾಡಿಸಿದಿ?"

ನಡೆದದ್ದು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ರಿಪೋರ್ಟಿನಲ್ಲಿ ಲ್ಯಾಬಿನ ಹೆಸರು ಏನಂತ ಹಾಕೋಣ?"

ಅತ್ತೆಯ ಕತ್ತರಿ

ಹಿರಿಯ ತಜ್ಞರಿಗೆ ತೋರಿಸಲು ದೊಡ್ಡದೊಂದು ನಕ್ಷೆ ಬೇಕಿತ್ತು. ಒಂದೊಂದು ಬಾವಿಗೂ ಒಂದೊಂದು ಉದ್ದನೆಯ ಕಾಗದದ ಪಟ್ಟಿ. ಅದರಲ್ಲಿ ಮೇಲಿನಿಂದ ಕೆಳಕ್ಕೆ ಪದರಗಳು, ಮರಳುಗಲ್ಲಿಗೆ ಹಳದಿ, ಜೇಡಿಗೆ ಹಸಿರು, ಹೀಗೆ. ನಮ್ಮ ಮನೆಯ ಮಗ್ಗದ ಕೋಣೆಯಲ್ಲಿ ಈಗ ಮಗ್ಗ ಇಲ್ಲ, ಗೋಡೆ ಮಾತ್ರ ಉದ್ದಕ್ಕೆ ಇದೆ. ಅಲ್ಲಿ ಪಟ್ಟಿಗಳನ್ನು ಸಾಲಾಗಿ ಅಂಟಿಸಿದೆ. ನೆಲದಡಿಯ ಪದರ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಈ ಬಾವಿಯಲ್ಲಿ ಮೇಲೆ ಸಿಗುವುದು ಆ ಬಾವಿಯಲ್ಲಿ ಆಳಕ್ಕೆ ಇಳಿದಿರುತ್ತದೆ. ಹಾಗಾಗಿ ಹಳದಿ ಪಟ್ಟೆ ಒಂದರಲ್ಲಿ ಎತ್ತರಕ್ಕೆ, ಪಕ್ಕದ್ದರಲ್ಲಿ ಮೊಣಕಾಲಿನ ಮಟ್ಟಕ್ಕೆ. ಆ ಏರಿಳಿತ ತೋರಿಸುವುದೇ ನಕ್ಷೆಯ ಉದ್ದೇಶ.

ಅತ್ತೆ ಜೀವಮಾನವೆಲ್ಲ ಸೀರೆ ನೇಯ್ದವರು. ಪಟ್ಟೆಗೆ ಪಟ್ಟೆ ಕೂಡಬೇಕು, ಅಂಚಿಗೆ ಅಂಚು ಸೇರಬೇಕು, ಇಲ್ಲದಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ. ನಾನು ಅಂಟಿಸುವಾಗಲೇ ಬಾಗಿಲಲ್ಲಿ ನಿಂತು ಎರಡು ಸಲ ನಾಲಿಗೆ ಲೊಚಗುಟ್ಟಿದ್ದರು. ನಾನು ಗಮನಿಸಲಿಲ್ಲ. ಧಾರಾಪುರದಲ್ಲಿ ನೆಂಟರ ಮದುವೆ ಇತ್ತು, ಹೋಗಿ ಮರುದಿನ ಬಂದೆ.

ಬಂದು ನೋಡಿದರೆ ಗೋಡೆಯ ಮೇಲೆ ಏರಿಳಿತವೇ ಇಲ್ಲ. ಆ ತುದಿಯಿಂದ ಈ ತುದಿಯವರೆಗೆ ಹಳದಿ ಒಂದೇ ಗೆರೆಯಲ್ಲಿ, ಹಸಿರು ಒಂದೇ ಗೆರೆಯಲ್ಲಿ. ಅತ್ತೆಯ ಕೈಯಲ್ಲಿ ಕತ್ತರಿ, ಪಕ್ಕದಲ್ಲಿ ಮೈದಾ ಅಂಟಿನ ಬಟ್ಟಲು, ಮುಖದಲ್ಲಿ ತೃಪ್ತಿ.

"ಬಾ ನನ್ ಕಣ್ಣು, ಈಗ ನೋಡು. ಒಂದು ಮ್ಯಾಲೆ, ಒಂದು ಕೆಳ್ಗೆ, ಕಣ್ಣಿಗೆ ಹಿಂಸೆ ಆಯ್ತಿತ್ತು. ಹೆಚ್ಚಾಗಿದ್ದನ್ನೆಲ್ಲ ಕತ್ತರಿಸಿ, ಕೂಡಿಸಿ, ಕರೆಕ್ಟ್ ಮಾಡಿವ್ನಿ."

"ಕತ್ತರಿಸಿದ್ದು ಎಲ್ಲಿ ಅತ್ತೆ?"

"ಅದಾ? ವೇಸ್ಟ್ ಮಾಡ್ತಾರಾ? ದಪ್ಪ ಕಾಗದ, ಅಡುಗೆಮನೆ ಶೆಲ್ಫಿಗೆ ಹಾಸಿದೆ."

ಆ ಸಂಜೆ ನಾನು ಒಂದೊಂದೇ ಡಬ್ಬ ಎತ್ತಿ ಕಡಲತಳವನ್ನು ಹೊರಗೆ ತೆಗೆದೆ. ಸಾಸಿವೆ ಡಬ್ಬದಡಿ ಮರಳುಗಲ್ಲು, ಜೀರಿಗೆ ಡಬ್ಬದಡಿ ಜೇಡಿಗಲ್ಲು, ಎಣ್ಣೆ ಜಾಡಿಯ ಕೆಳಗಿನ ಚಿಪ್ಪುಗಲ್ಲಿಗೆ ಎಣ್ಣೆ ಹತ್ತಿ ಆಚೆಕಡೆ ಕಾಣುತ್ತಿತ್ತು. ನನಗೆ ಅಳು ಬಂದಿತ್ತು, ಗಂಡನಿಗೆ ನಗು ಬಂದಿತ್ತು, ಆ ನಗುವಿಗೆ ನನಗೆ ಬಂದ ಕೋಪ ಬೇರೆ. ಅತ್ತೆಗೆ ಎದುರು ಮಾತಾಡುವ ಅಭ್ಯಾಸ ನನಗಿಲ್ಲ. ಭೂಮಿ ಇರುವುದೇ ಹೀಗೆ ಅತ್ತೆ, ಮೇಲೆ ಕೆಳಗೆ, ಎಂದು ಮೆತ್ತಗೆ ಹೇಳಿ ಮತ್ತೆ ಮೊದಲಿನ ಹಾಗೆ ಅಂಟಿಸಿದೆ.

ಅವರು ಸೆರಗು ಬಾಯಿಗೆ ಹಿಡಿದು ಪೂರ್ತಿ ನೋಡಿದರು. "ಹಂಗಾ? ನಿನ್ನ ಭೂಮೀನ ಯಾರು ನೇಯ್ದನೋ, ಕೆಲಸ ಕಲೀದೇ ಮಗ್ಗಕ್ಕೆ ಕೂತವ್ನೆ."

ಶೇಡ್

ಆಯುಧಪೂಜೆ ಹತ್ತಿರ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಬಸ್ಸು, ತಕ್ಕಡಿ, ಕಂಪ್ಯೂಟರು ಯಾವುದನ್ನೂ ತೊಳೆಯದೆ ಬಿಡುವುದಿಲ್ಲ. ಹಿಂದಿನ ದಿನ ಸ್ಟೋರ್ ಅಣ್ಣ ಫೋನು ಮಾಡಿ, "ಮೇಡಂ, ಪೂಜೆಗೆ ಎಲ್ಲಾ ಕ್ಲೀನ್ ಮಾಡ್ಲಾಂಗ?" ಅಂದರು. ಮಾಡಿ ಅಣ್ಣ ಅಂದೆ. ನಾನು ಎಣಿಸಿದ್ದು ನೆಲ, ಕಿಟಕಿ, ಜೇಡರ ಬಲೆ.

ಪೂಜೆಯ ಬೆಳಿಗ್ಗೆ ನಾನೂ ಸಾರೂ ಮಂಡಕ್ಕಿ ಪೊರಿ, ಕಡಲೆ, ಹೂವು ಹಿಡಿದುಕೊಂಡು ಹೋದೆವು. ಮಾವಿನೆಲೆಯ ತೋರಣ, ಬಾಳೆಕಂದು, ಬೂದುಗುಂಬಳ ಎಲ್ಲ ತಯಾರು. ಒಳಗೆ ಅಡಿಯಿಟ್ಟರೆ ಕಣ್ಣು ಕೋರೈಸಿತು. ಪೆಟ್ಟಿಗೆಗಳ ಮುಚ್ಚಳ ತೆಗೆದಿದೆ, ಒಳಗಿನ ಕಲ್ಲೆಲ್ಲ ಸೋಪು ಹಾಕಿ ತೊಳೆದು ಮಿರಮಿರ ಮಿಂಚುತ್ತಿದೆ. ಬಾಗಿಲ ಬಳಿ ಹಾಲಿನ ಬಿಳಿ, ಅಲ್ಲಿಂದ ಕೆನೆ, ತಿಳಿಹಳದಿ, ಬೂದು, ಹಸಿರುಬೂದು, ಕೊನೆಯ ಗೋಡೆಗೆ ಹೋಗುವಷ್ಟರಲ್ಲಿ ಇದ್ದಿಲ ಕಪ್ಪು. ಎಲ್ಲ ಬಾವಿಯ ಎಲ್ಲ ಪದರವನ್ನೂ ಕಲಸಿ, ಬಣ್ಣ ನೋಡಿ, ತಿಳಿಯಿಂದ ಗಾಢಕ್ಕೆ ಜೋಡಿಸಿದ್ದರು.

"ಒಂದು ಶೇಡೂ ಹಿಂದೆ ಮುಂದೆ ಇಲ್ಲೀಂಗ," ಅಂದರು ಅಣ್ಣ. ಇಷ್ಟು ವರ್ಷದ ಮೇಲೆ ಅವರ ಕೈಗೆ ಅವರ ಕೆಲಸ ವಾಪಸ್ ಸಿಕ್ಕಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ತಜ್ಞರು ಬರುವುದು ಮರುದಿನ. ಸಾರ್ ಒಂದು ಕಲ್ಲನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. "ಇದರ ಮೇಲೆ ಆಳದ ನಂಬರು ಬರೆದಿತ್ತಲ್ಲಾ?"

"ಯಾರೋ ಎಲ್ಲಾ ಕಲ್ಲಿನ ಮೇಲೂ ಪೆನ್ನಲ್ಲಿ ಗೀಚಿಬಿಟ್ಟಿದ್ರುಂಗ ಸಾರ್. ತೆಂಗಿನ ನಾರು ಹಾಕಿ ಉಜ್ಜಿದೆ. ಕೈ ಬಿದ್ದೇ ಹೋಯ್ತುಂಗ."

ಪುಣ್ಯಕ್ಕೆ ಪ್ರತಿ ಪೆಟ್ಟಿಗೆಯ ಫೋಟೋ ಸಾರ್ ಫೋನಿನಲ್ಲಿತ್ತು. ಮುರಿದ ಮಡಕೆಯ ಚೂರು ಕೂಡಿಸುವ ಹಾಗೆ, ಫೋಟೋ ನೋಡಿ, ಒಂದು ತುಂಡಿನ ಮುರಿದ ತುದಿಗೆ ಇನ್ನೊಂದರ ತುದಿ ಹೊಂದಿಸಿ ಹೊಂದಿಸಿ ಮತ್ತೆ ಜೋಡಿಸತೊಡಗಿದೆವು. ಪೂಜೆ ಹೇಗೂ ಮುಗಿಸಲೇಬೇಕಲ್ಲ, ಅದನ್ನು ಅಣ್ಣನೇ ಮಾಡಿದರು. ಎಲ್ಲ ಬಾವಿಯಲ್ಲೂ ಒಂದು ಕಪ್ಪು ಪದರ ಇದೆ, ಪ್ರತಿ ಬಾವಿಯ ಆ ಕಪ್ಪು ಕಲ್ಲಿನ ಬುಡಕ್ಕೆ ಮೂರು ಬೆರಳಿನ ವಿಭೂತಿ ಎಳೆದು ಕುಂಕುಮ ಇಟ್ಟರು. ಕಪ್ಪಿಗೇ ಯಾಕೆ ಅಂದರೆ, "ಅದರ ಮೇಲೆ ಬೊಟ್ಟು ಎದ್ದು ಕಾಣ್ತದಂಗ." ಕರ್ಪೂರ ಆರಿದ್ದೇ ತಡ, ನಾನು ಒದ್ದೆ ಬಟ್ಟೆ ತಂದು ಎಲ್ಲವನ್ನೂ ಒರೆಸಿದೆ. ಕತ್ತಲಾಗುವ ಮುಂಚೆ ಕಡಲತಳ ಮತ್ತೆ ತನ್ನ ಜಾಗಕ್ಕೆ ಬಂತು.

ಕೊನೆಗೆ ನಾನು ಪೆನ್ನು ಹಿಡಿದು ಕಲ್ಲುಗಳ ಮೇಲೆ ನಂಬರು ಬರೆಯಲು ಕೂತೆ. ಅಣ್ಣ ಪಕ್ಕದಲ್ಲಿ ನಿಂತು ನೋಡಿದರು. ಅಲ್ಲಿಯವರೆಗೆ ಗೀಚಿದವರು ಯಾರೆಂದು ಅವರಿಗೆ ತಿಳಿದಿರಲಿಲ್ಲ. "ಸ್ವಲ್ಪ ನೀಟಾಗಿ ಬರೀರಿಂಗ ಮೇಡಂ," ಅಂದರು ಮೆಲ್ಲಗೆ, "ಮುಂದಿನ ವರ್ಷ ಯಾರಾದ್ರೂ ಉಜ್ಜಿಬಿಟ್ಟಾರು."

ಬೂದಿ

ಹಿರಿಯ ತಜ್ಞರು ಬಂದರು. ಬೆಳ್ಳನೆ ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಹಿಂದೆ ಇಬ್ಬರು ಶಿಷ್ಯರು. ಗೋದಾಮಿನ ಗೋಡೆಗೆ ತಂದು ಅಂಟಿಸಿದ್ದ ನಕ್ಷೆ ನೋಡಿದರು, ಪೆಟ್ಟಿಗೆ ನೋಡಿದರು, ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ತಲೆ ಅಲ್ಲಾಡಿಸಿದರು, ಅಡ್ಡಡ್ಡ.

"ಚಿಪ್ಪು ಹೋಲುತ್ತೆ, ಮರಳು ಹೋಲುತ್ತೆ, ಎಲ್ಲ ಸರಿ ಅಮ್ಮಾ. ಹೋಲಿಕೆ ಸಾಕಾಗಲ್ಲ. ಒಂದೇ ದಿನ ಎಲ್ಲ ಕಡೆ ಬಿದ್ದದ್ದು ಏನಾದರೂ ಬೇಕು, ಎಲ್ಲ ಬಾವಿಯಲ್ಲೂ ಅದು ಸಿಗಬೇಕು. ಆಗ ಮಾತ್ರ ಈ ಪದರವೂ ಆ ಪದರವೂ ಒಂದೇ ಕಾಲದ್ದು ಅಂತ ನಾನು ಒಪ್ಪೋದು."

ಸಾರ್ ನನ್ನ ಮುಖ ನೋಡಲಿಲ್ಲ. ನಾನು ಪೆಟ್ಟಿಗೆಗಳನ್ನು ನೋಡಿದೆ. ಲಾರಿಯ ಸದ್ದು ಆಗಲೇ ಕಿವಿಯಲ್ಲಿತ್ತು.

ತಜ್ಞರು ಸುಮ್ಮನೆ ಕೈಗೆ ಸಿಕ್ಕ ಕಪ್ಪು ಪದರದ ತುಂಡೊಂದನ್ನು ಎತ್ತಿಕೊಂಡು ಭೂತಗನ್ನಡಿ ಕಣ್ಣಿಗೊತ್ತಿದರು. ಎತ್ತಿಕೊಂಡವರು ಇಳಿಸಲಿಲ್ಲ. ಕಪ್ಪು ಪದರದ ಬುಡದಲ್ಲಿ ಒಂದು ಬಿರುಕು. ಅದರೊಳಗೆ ಬಿಳಿ ಪುಡಿ, ಪುಡಿಯ ಮೇಲೆ ತೆಳ್ಳಗೆ ಕೆಂಪು.

"ಇನ್ನೊಂದು ಬಾವೀದು ಕೊಡಿ," ಅಂದರು. ಅದರಲ್ಲೂ ಇತ್ತು. ಇನ್ನೊಂದು. ಅದರಲ್ಲೂ. ಪ್ರತಿ ಬಾವಿಯಲ್ಲೂ, ಕಪ್ಪು ಪದರದ ಬುಡದ ಬಿರುಕಿನಲ್ಲಿ, ಬಿಳಿ, ಮೇಲೆ ಕೆಂಪು. ನನ್ನ ಒದ್ದೆ ಬಟ್ಟೆ ಕಲ್ಲಿನ ಮೈ ಒರೆಸಿತ್ತೇ ಹೊರತು ಬಿರುಕಿನೊಳಗೆ ಇಳಿದಿರಲಿಲ್ಲ.

"ಬೂದಿ!" ಅಂದರು ತಜ್ಞರು. "ಜ್ವಾಲಾಮುಖಿ ಬೂದಿ! ಮಹಾರಾಷ್ಟ್ರದ ಕಡೆ ಉಗುಳಿದ್ದು ಗಾಳಿಯಲ್ಲಿ ಇಲ್ಲೀತನಕ ಬಂದಿದೆ. ಮೇಲಿನ ಕೆಂಪು, ಕಬ್ಬಿಣ. ಎಲ್ಲ ಬಾವಿಯಲ್ಲೂ ಒಂದೇ ಮಟ್ಟದಲ್ಲಿ! ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಅಮ್ಮಾ, ನಿನ್ನ ವಿಂಗಡಣೆ ನೂರಕ್ಕೆ ನೂರು ಸರಿ."

ಶಿಷ್ಯರು ಫೋಟೋ ಹೊಡೆಯತೊಡಗಿದರು. ಈ ಪದರಕ್ಕೆ ಗುರುಗಳ ಹೆಸರೇ ಇಡಬೇಕು ಎಂದು ಒಬ್ಬ ಅಂದ.

ನನ್ನ ಪಾಡು ಕೇಳಬೇಡಿ. ಬಾಯಿ ಮುಚ್ಚಿಕೊಂಡಿದ್ದರೆ ಪೆಟ್ಟಿಗೆಗಳು ಇಲ್ಲೇ, ನನ್ನ ಕೆಲಸ ಇಲ್ಲೇ. ಬಾಯಿ ಬಿಟ್ಟರೆ ಎಲ್ಲ ಹೋಯಿತು. ಸಾರ್ ಚಪ್ಪಲಿಯಿಂದ ನನ್ನ ಕಾಲು ಮೆಟ್ಟಿದರು, ಅಂದರೆ ಅವರ ಅಭಿಪ್ರಾಯ ಏನೆಂದು ತಿಳಿಯಿತು. ಆದರೆ ಪೂಜೆಯ ಪುಡಿಯನ್ನು ಕೋಟಿ ವರ್ಷದ್ದು ಮಾಡಿ ನಾನು ಹೇಗೆ ನಿದ್ದೆ ಮಾಡಲಿ? "ಸಾರ್, ಅದು ಬೂದಿಯೇ, ನಿಜ. ಆದರೆ..." ಎಂದು ಶುರು ಮಾಡಿದೆ.

"ಬೂದಿ ವಿಷಯ ನನಗೆ ಹೇಳ್ತೀಯಾ?" ಎಂದು ನಕ್ಕರು ಅವರು. ಕಲ್ಲಿನ ಕೆಲಸದಲ್ಲಿ ಪಳಗಿದವರಿಗೆ ಒಂದು ರೂಢಿ ಇದೆ, ಪುಡಿ ಎಷ್ಟು ನಯ ಎಂದು ತಿಳಿಯಬೇಕಾದರೆ ನಾಲಿಗೆಗೆ ಹಾಕಿ ನೋಡುತ್ತಾರೆ. ನಾನು "ಬೇಡ ಸಾರ್" ಅನ್ನುವುದಕ್ಕೂ ಅವರು ಕಿರುಬೆರಳಿನಲ್ಲಿ ಪುಡಿ ತೆಗೆದು ನಾಲಿಗೆಗೆ ಇಟ್ಟುಕೊಳ್ಳುವುದಕ್ಕೂ ಸರಿಹೋಯಿತು.

ಕಣ್ಣು ಮುಚ್ಚಿದರು. ಹಲ್ಲಿನಲ್ಲಿ ಮೆಲ್ಲಗೆ ಅರೆದು ನೋಡಿದರು. ತಜ್ಞರ ಮುಖದಲ್ಲಿ ಮೊದಲು ಭಕ್ತಿ ಬಂತು, ಆಮೇಲೆ ಅನುಮಾನ, ಆಮೇಲೆ ಮತ್ತೆ ಭಕ್ತಿ. ಕಣ್ಣು ತೆರೆದು ಒಂದೇ ಮಾತು ಅಂದರು.

"ಪಳನಿ ವಿಭೂತಿ."

ಅಷ್ಟರಲ್ಲಿ ಹಿಂದಿನಿಂದ ಸ್ಟೋರ್ ಅಣ್ಣ ಪೂಜೆಯ ತಟ್ಟೆ ಹಿಡಿದು ಮುಂದೆ ಬಂದರು, ಮುಖವೆಲ್ಲ ಅರಳಿತ್ತು. "ಸರಿಯಾಗಿ ಹೇಳಿದ್ರಿಂಗ ಸಾರ್! ಪಳನೀದೇ. ಇನ್ನೂ ಐತೆ, ಕೊಡ್ಲಾಂಗ?"

ತಜ್ಞರು ತಟ್ಟೆಯಿಂದ ಒಂದು ಚಿಟಿಕೆ ತೆಗೆದು ಹಣೆಗೆ ಇಟ್ಟುಕೊಂಡರು, ಇನ್ನೇನು ಮಾಡಲಾಗುತ್ತದೆ. ಶಿಷ್ಯರ ಕಡೆ ತಿರುಗಿ ಫೋಟೋಗಳನ್ನು ಅಳಿಸಿ ಎಂದರು, ತಮ್ಮ ಕಣ್ಣೆದುರೇ ಅಳಿಸಿಹಾಕಿಸಿದರು. ಆಮೇಲೆ ಅಂಗಿಯ ತೋಳು ಮಡಚಿ ನೆಲದ ಮೇಲೆ ಕೂತು, ಸಂಜೆಯವರೆಗೂ ಒಂದೊಂದೇ ಚಿಪ್ಪು, ಒಂದೊಂದೇ ಪದರ, ನಾನು ಹೇಳಿದ್ದನ್ನೆಲ್ಲ ಮೊದಲಿನಿಂದ ಪರೀಕ್ಷೆ ಮಾಡಿದರು. ಒಂದು ಕಡೆ ನಾನು ಮೇಲಿನ ಮನೆತನಕ್ಕೆ ಸೇರಿಸಿದ್ದ ಮರಳುಪದರವನ್ನು ಕೆಳಗಿನದಕ್ಕೆ ದಾಟಿಸಿದರು, ಅವರು ಹೇಳಿದ್ದೇ ಸರಿ. ಮಿಕ್ಕದ್ದಕ್ಕೆಲ್ಲ ತಲೆ ಆಡಿಸಿದರು, ಈ ಸಲ ಮೇಲೆ ಕೆಳಗೆ.

ಎದ್ದು ಕೈ ಒರೆಸಿಕೊಂಡು ಹೊರಡುವಾಗ, ಸಾರ್ ತಡೆಯಲಾರದೆ ಕೇಳಿಯೇಬಿಟ್ಟರು. "ಪೆಟ್ಟಿಗೆಗಳ ವಿಷಯ ಏನು ಸಾರ್? ಚೆನ್ನೈಗೆ ಕಳಿಸಬೇಕಾ?"

ತಜ್ಞರು ಬೆಚ್ಚಿಬಿದ್ದರು. ಸುತ್ತ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿ ಅಂದರು:

"ಒಂದೂ ಬರಕೂಡದು. ಪೆಟ್ಟಿಗೆ ಅಲ್ಲಿಗೆ ಬಂದರೆ, ಈ ಕಥೆಯೂ ಜೊತೆಗೇ ಬರುತ್ತೆ."